ಅಟ್ಟದಿಂದ ಇಳಿದ ಕಂಪ್ಯೂಟರ್

12 ಏಪ್ರಿಲ್ 2026, ಭಾನುವಾರ, ಶಿವಮೊಗ್ಗ

ಅಣ್ಣನ ಮನೆಯ ಹಳೇ ಕಂಪ್ಯೂಟರನ್ನು ಗುಜರಿಗೆ ಹಾಕೋಣ ಅಂತ ಅತ್ತಿಗೆ, ರಜೆಯಲ್ಲಿ ಮಕ್ಕಳಿಗೆ ಕೊಡೋಣ ಅಂತ ನಾನು. ಕೋರ್ 2 ಡ್ಯುಯೋ ಪ್ರೊಸೆಸರ್, 2 ಜಿಬಿ ರ್‍ಯಾಮ್. ಒಳಗಿದ್ದದ್ದು ವಿಂಡೋಸ್ 7, ಅದಕ್ಕೆ ಮೈಕ್ರೋಸಾಫ್ಟ್ 2020ರ ಜನವರಿಯಲ್ಲೇ ಕೈ ತೊಳೆದುಕೊಂಡಿದೆ.

ವಿಂಡೋಸ್ ಬದಲಿಗೆ ಲಿನಕ್ಸ್ ಬಗೆಯ ಉಚಿತ ವ್ಯವಸ್ಥೆ ಡೆಬಿಯನ್ 13 ಹಾಕಿದೆ, ಹಗುರವಾದ ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಜೊತೆ. ಈ ಆವೃತ್ತಿಯನ್ನು ಬರೀ 32 ಬಿಟ್ ಪ್ರೊಸೆಸರ್ ಇರುವ ಯಂತ್ರದಲ್ಲಿ ಇನ್‌ಸ್ಟಾಲ್ ಮಾಡೋಕಾಗಲ್ಲ, ಆದರೆ ಕೋರ್ 2 ಡ್ಯುಯೋ 64 ಬಿಟ್, ಹಾಗಾಗಿ ಬಚಾವ್. ವೈಫೈ ಇಲ್ಲ, ಮೊಬೈಲನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ ಟೆದರಿಂಗ್ (ಮೊಬೈಲಿನ ಇಂಟರ್ನೆಟ್ ಹಂಚಿಕೊಳ್ಳುವುದು) ಆನ್ ಮಾಡಿದರೆ ಸಾಕು. ಸತಾಯಿಸಿದ್ದು ಮದರ್‌ಬೋರ್ಡಿನ ಪುಟ್ಟ ಬ್ಯಾಟರಿ. ಅದು ಸತ್ತು ಗಡಿಯಾರ ಎಷ್ಟೋ ವರ್ಷ ಹಿಂದೆ ಹೋಗಿತ್ತು. ತಾರೀಖು ತಪ್ಪಿದ್ದರೆ ಡೆಬಿಯನ್ ತಂತ್ರಾಂಶದ ಪ್ಯಾಕೇಜ್ ಇಳಿಸೋಕೂ ಒಪ್ಪಲ್ಲ. ಕೈಗಡಿಯಾರ ರಿಪೇರಿ ಅಂಗಡಿಯಲ್ಲಿ ಅದೇ ಬಗೆಯ ಸಿಆರ್2032 ಬ್ಯಾಟರಿ ಸಿಕ್ಕಿತು, ಅಲ್ಲಿಗೆ ಮುಗಿಯಿತು.

ಆಮೇಲೆ ಮಕ್ಕಳ ಸರದಿ. ಚಿಕ್ಕವನಿಗೆ ಐದು ವರ್ಷ, ಅವನಿಗೆ ಟಕ್ಸ್ ಪೇಂಟ್. 2002ರಿಂದ ಇರುವ ಚಿತ್ರ ಬಿಡಿಸುವ ತಂತ್ರಾಂಶ, ಮೆನುಗಳು ಕನ್ನಡದಲ್ಲೂ ಇವೆ. ಉಳಿಸುವಾಗ ಫೈಲಿಗೆ ಹೆಸರು ಕೇಳಲ್ಲ, ಇದನ್ನು ಯೋಚಿಸಿದವರಿಗೆ ಮನೆಯಲ್ಲಿ ಮಕ್ಕಳಿದ್ದಿರಬೇಕು. ಜಿಕಾಂಪ್ರಿ ಕೂಡ ಹಾಕಿದೆ, ಎರಡರಿಂದ ಹತ್ತು ವರ್ಷದವರಿಗೆ ನೂರಕ್ಕೂ ಜಾಸ್ತಿ ಆಟ. ಹಳೇ ಗ್ರಾಫಿಕ್ಸ್‌ನಲ್ಲಿ ಪರದೆ ತಡವರಿಸಿತು, ಸಾಫ್ಟ್‌ವೇರ್ ರೆಂಡರರ್ ಆಯ್ಕೆ (ಚಿತ್ರವನ್ನು ಗ್ರಾಫಿಕ್ಸ್ ಚಿಪ್ ಬದಲು ಪ್ರೊಸೆಸರೇ ಬಿಡಿಸುವ ಹಾಗೆ) ಕೊಟ್ಟು ಶುರು ಮಾಡಿದ ಮೇಲೆ ಸರಿಹೋಯಿತು.

ಒಂಬತ್ತರ ಹುಡುಗಿಗೆ ಇದೆಲ್ಲ ಬೋರು. ಅವಳಿಗೆ ಕೆಟರ್ಟಲ್ ತೆರೆದೆ, ಆಜ್ಞೆ ಬರೆದು ಪರದೆಯ ಮೇಲಿನ ಆಮೆಯಿಂದ ಗೆರೆ ಎಳೆಸುವ ತಂತ್ರಾಂಶ. ಫಾರ್ವರ್ಡ್ 100, ಟರ್ನ್‌ರೈಟ್ 90, ಇದನ್ನೇ ನಾಲ್ಕು ಸಲ ಅಂದರೆ ಆಮೆ ಚೌಕ ಬರೆಯುತ್ತೆ. ತ್ರಿಕೋನಕ್ಕೆ 60 ಹಾಕಿದಳು, ಸ್ಕೂಲಲ್ಲಿ ಮೂಲೆಗೆ 60 ಡಿಗ್ರಿ ಅಂತ ಹೇಳಿಕೊಟ್ಟಿದ್ದಾರಂತೆ. ಬಂದದ್ದು ತೆರೆದ ಬುಟ್ಟಿಯಂಥ ಅರ್ಧ ಷಟ್ಕೋನ. "ಚಿಕ್ಕಪ್ಪಾ, ನಿಮ್ಮ ಕಂಪ್ಯೂಟರ್ ಕೆಟ್ಟಿದೆ." ಎದ್ದು ನಿಂತು ಮನೆಯ ಹಾಲ್‌ನಲ್ಲಿ ನೀನೇ ಆಮೆ ಥರ ನಡೆದು ನೋಡು ಅಂದೆ. ನಡೆದಳು, ತಿರುಗಿದಳು, ಸೋಫಾಕ್ಕೆ ಡಿಕ್ಕಿ ಹೊಡೆದಳು. ಆಮೆ ತಿರುಗುವುದು ಮೂಲೆಯ ಹೊರಗಿನ ಕೋನ, ಅಂದರೆ 120, ಅಂತ ಕಾಲಿಗೆ ಗೊತ್ತಾದ ಮೇಲೆ ಕೈ ತಾನಾಗೇ ಬರೆಯಿತು. ಆಮೇಲೆ ವೃತ್ತ ಬೇಕಂತೆ. ಒಂದು ಹೆಜ್ಜೆ, ಒಂದು ಡಿಗ್ರಿ, 360 ಸಲ. ಊಟಕ್ಕೆ ಕರೆದರೂ ಏಳಲಿಲ್ಲ.

ಸಂಜೆ ಕನ್ನಡ ಟೈಪಿಂಗ್. ಕಗಪ ಅಂದರೆ ಇಂಗ್ಲಿಷ್ ಕೀಲಿಗಳಲ್ಲೇ ಉಚ್ಚಾರಣೆಯಂತೆ ಕನ್ನಡ ಬರೆಯುವ ಕೀಲಿಮಣೆ ವಿನ್ಯಾಸ. ಅದರಲ್ಲಿ ಒತ್ತಕ್ಷರಕ್ಕೆ ನಡುವೆ ಎಫ್ ಒತ್ತಬೇಕು. ಎ, ಜೆ, ಎಫ್, ಜೆ, ಐ, ಅಂದರೆ ಅಜ್ಜಿ. ಹತ್ತಿರ ಕೂತಿದ್ದ ಅಮ್ಮ ತಮ್ಮ ಪೂರ್ತಿ ಹೆಸರು ಬರೆಯಬೇಕು ಅಂತ ಪಟ್ಟು ಹಿಡಿದರು.

ಬ್ರೌಸರ್‌ನ ಐಕಾನ್ ಮಾತ್ರ ತೆಗೆದಿಟ್ಟಿದ್ದೇನೆ. ಹಳೇ ಯಂತ್ರ ನಿಧಾನ ಅಂತ ಎಲ್ಲರೂ ಬೈಯೋದು ಮುಖ್ಯವಾಗಿ ಬ್ರೌಸರ್‌ನಿಂದ, ನಾಲ್ಕು ಟ್ಯಾಬ್ ತೆರೆದರೆ 2 ಜಿಬಿ ಢಮಾರ್. ಅದನ್ನು ಬಿಟ್ಟರೆ ಇವತ್ತು ದಿನವಿಡೀ ಎಲ್ಲೂ ನಿಂತಿಲ್ಲ. "ಯೂಟ್ಯೂಬ್ ಇಲ್ಲದೆ ಏನು ಕಂಪ್ಯೂಟರೋ" ಅಂದ ಅಣ್ಣ. ಅದಕ್ಕೆ ನಿನ್ನ ಮೊಬೈಲ್ ಇದೆಯಲ್ಲ ಅಂದೆ.

ಇನ್ನು ಕೀವಿಕ್ಸ್ ಹಾಕಿ, ಇಂಟರ್ನೆಟ್ ಇಲ್ಲದೆ ಓದುವ ಹಾಗೆ ಕನ್ನಡ ವಿಕಿಪೀಡಿಯ ಇಳಿಸಿಡಬೇಕು. ಡಿಸ್ಕ್‌ನಲ್ಲಿ ಜಾಗ ಧಾರಾಳ ಇದೆ. ನನ್ನ ಮೊಬೈಲ್ ಡೇಟಾ ಮಾತ್ರ ಇವತ್ತಿಗೆ ಖಾಲಿ.