ಬೇಲಿಯಾಚೆ ಎಸೆದ ಎರಡು ಸಸಿ

ಕಾಸರಗೋಡು ಜಿಲ್ಲೆಯ ಬದಿಯಡ್ಕದ ನಮ್ಮ ತೋಟದಲ್ಲಿ ಒಂದು ಗೆಂದಾಳಿ ತೆಂಗು ಇದೆ, ಕೇಸರಿ ಬಣ್ಣದ ಗಿಡ್ಡ ತಳಿ. ಅದರ ಹತ್ತು ಕಾಯಿಗಳನ್ನು ಬಚ್ಚಲಿನ ಪಕ್ಕ ಮೊಳಕೆಗೆ ಇಟ್ಟಿದ್ದೆ. ಎಂಟರ ದಂಟು ಕೇಸರಿ, ಎರಡರದ್ದು ಕಂದು. ಜಾತಿ ಕೆಟ್ಟಿದೆ ಅಂತ ಅವೆರಡನ್ನು ಬೇಲಿಯಾಚೆ ಎಸೆದೆ. ಆಚೆಮನೆಯ ಅಜ್ಜ "ಒಳ್ಳೇದನ್ನೇ ಬಿಸಾಡಿದೆಯಲ್ಲ ಮಾರಾಯ" ಅಂತ ಹೆಕ್ಕಿಕೊಂಡು ಹೋದರು.

ಅವು ಬೆರಕೆ ಸಸಿಗಳು. ಗೆಂದಾಳಿಯ ಹೊಂಬಾಳೆಯಲ್ಲಿ ಗಂಡು ಹೂವೂ ಹೆಣ್ಣು ಹೂವೂ ಹೆಚ್ಚುಕಡಿಮೆ ಒಟ್ಟಿಗೇ ಅರಳುವುದರಿಂದ ಬಹುಪಾಲು ತನ್ನ ಪರಾಗವೇ ತನಗೆ. ಎತ್ತರದ ಊರ ತೆಂಗಿನಲ್ಲಿ ಗಂಡು ಹೂವು ಮೊದಲೇ ಮುಗಿಯುತ್ತದೆ, ಪರಾಗ ಬೇರೆ ಮರದಿಂದ ಬರಬೇಕು. ಎಲ್ಲೋ ಒಮ್ಮೆ ಜೇನ್ನೊಣ ಆ ಪರಾಗವನ್ನು ಗೆಂದಾಳಿಗೆ ತಂದುಬಿಟ್ಟರೆ ಕಂದು ದಂಟು. ಎತ್ತರದ ತಳಿಗೂ ಗಿಡ್ಡ ತಳಿಗೂ ಇಂಥ ಬೆರಕೆಯನ್ನು ನಮ್ಮ ಜಿಲ್ಲೆಯ ನೀಲೇಶ್ವರದಲ್ಲಿ 1932ರಲ್ಲೇ ಬೇಕೆಂದೇ ಮಾಡಿದ್ದರು.

"ಹಾಗಾದ್ರೆ ಗೆಂದಾಳಿ ಬೇರೆ ಪ್ರಭೇದವಾ ಮಾವ?" ಅಂತ ಅಕ್ಕನ ಮಗ ಕೇಳಿದ. ಅಲ್ಲ. ಬೇರೆ ಪ್ರಭೇದಗಳು ಸಾಮಾನ್ಯವಾಗಿ ಹೀಗೆ ಬೆರೆತು ಫಲ ಕೊಡುವುದಿಲ್ಲ, ಇಲ್ಲಿ ಬೆರೆತು ಹುಟ್ಟಿದ ಮರ ಚೆನ್ನಾಗಿಯೇ ಕಾಯಿ ಬಿಡುತ್ತದಲ್ವಾ?

ಹಾಗಾದರೆ ಹೊಸ ಪ್ರಭೇದ ಹುಟ್ಟುವುದು ಹೇಗೆ? ಡಾರ್ವಿನ್ ಅಂದರೆ ಬಲಶಾಲಿ ಗೆಲ್ಲುತ್ತಾನೆ ಅಂತಷ್ಟೇ ಜನ ಹಿಡಿದುಕೊಂಡಿದ್ದಾರೆ. ಮೇ ತಿಂಗಳ ಬಿಸಿಲಿಗೆ ಕೆಲವು ಸಸಿ ಒಣಗುತ್ತವೆ, ಕೆಲವು ಉಳಿಯುತ್ತವೆ. ಆದರೆ ಉಳಿದ ಗುಣ ಬೀಜದಲ್ಲಿ ಮುಂದಕ್ಕೆ ಹೋದರೆ ಮಾತ್ರ ಲೆಕ್ಕ. ನಾನು ಜಾಸ್ತಿ ನೀರು ಹಾಕಿ ಬದುಕಿಸಿದ್ದು ಮರಿಗೆ ಬರುವುದಿಲ್ಲ. ಹೀಗೆ ಆಯ್ಕೆಯಾಗುತ್ತಾ ಬಂದರೂ ಪರಾಗ ಅತ್ತಿತ್ತ ಓಡಾಡುತ್ತಲೇ ಇದ್ದರೆ ಗುಣಗಳು ಮತ್ತೆ ಕಲಸಿಹೋಗುತ್ತವೆ. ಹಾಗಾಗಿ ಹೆಚ್ಚಿನ ಸಲ ನಡುವೆ ಒಂದು ಗಡಿ ಬೇಕಾಗುತ್ತದೆ. ನಾವು ದಿನಾ ಬಸ್ಸಲ್ಲಿ ದಾಟುವ ತಲಪಾಡಿ ಗಡಿಯಂಥದ್ದು ಸಾಲದು.

ಕೊಯಮತ್ತೂರಿಗೆ ರೈಲಲ್ಲಿ ಹೋಗುವಾಗ ಪಾಲಕ್ಕಾಡಿನ ಹತ್ತಿರ ಘಟ್ಟ ಸಾಲು ತುಂಡಾಗಿ ಬಯಲು ಸಿಗುತ್ತದೆ, ನೋಡಿರಬಹುದು. ಸುಮಾರು ಮೂವತ್ತು ಕಿಲೋಮೀಟರ್ ಅಗಲ. ಘಟ್ಟದ ಮೇಲಿನ ತಂಪಾದ ಶೋಲಾ ಕಾಡಲ್ಲಿ ಮಾತ್ರ ಬದುಕುವ ಪುಟ್ಟ ನೀಲಿ ಹಕ್ಕಿಗೆ ಈ ಬಿಸಿ ಬಯಲು ಸಮುದ್ರ ಇದ್ದ ಹಾಗೆ. ಉತ್ತರದ ನೀಲಗಿರಿ ಕಡೆ ಒಂದು ಪ್ರಭೇದ, ದಕ್ಷಿಣದಲ್ಲಿ ಹೊಟ್ಟೆ ಬೆಳ್ಳಗಿರುವ ಇನ್ನೊಂದು. ಮೂಲ ಒಂದೇ. ಎರಡೂ ಕಡೆ ಸಣ್ಣಪುಟ್ಟ ಬದಲಾವಣೆಗಳು ಸೇರುತ್ತಾ ಹೋದವು, ಕೆಲವು ಆಯ್ಕೆಯಿಂದ, ಕೆಲವು ಸುಮ್ನೆ ಅದೃಷ್ಟದಿಂದ. 2017ರಲ್ಲಿ ಇವಕ್ಕೆ ಶೋಲಿಕೋಲ ಅಂತ ಹೊಸ ಕುಲದ ಹೆಸರೇ ಬಂತು.

ಅಜ್ಜನ ಆ ಎರಡು ಸಸಿ ಈಗ ನನ್ನ ಎಂಟಕ್ಕಿಂತ ಎತ್ತರ ಬಂದಿವೆ. ಕೇಳುವ ಮುಖ ನನಗಿಲ್ಲ.