ಅತ್ತಿಗೆಯ ಚೌಕಾಸಿ, ಅಣ್ಣ ಕೊಟ್ಟ ಮನೆ

ಲಂಡನ್ನಿನ ವಾಟರ್‌ಲೂ ಸ್ಟೇಷನ್ನಿನಿಂದ ಆಲ್ಟನ್‌ಗೆ ರೈಲಿನಲ್ಲಿ ಗಂಟೆಗಿಂತ ಸ್ವಲ್ಪ ಜಾಸ್ತಿ. ಅಲ್ಲಿಂದ ಚಾಟನ್ ಹಳ್ಳಿಗೆ ನಡೆದೇ ಹೋಗಬಹುದು. 1809ರಿಂದ 1817ರವರೆಗೆ ಇಂಗ್ಲಿಷ್ ಕಾದಂಬರಿಕಾರ್ತಿ ಜೇನ್ ಆಸ್ಟೆನ್ ಇದ್ದ ಇಟ್ಟಿಗೆ ಮನೆ ಅಲ್ಲಿದೆ, ಈಗ ಅದು ಮ್ಯೂಸಿಯಂ.

ರೈಲಿನಲ್ಲಿ ಆಕೆಯ ಕಾದಂಬರಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ'ಯ ಎರಡನೇ ಅಧ್ಯಾಯ ಮತ್ತೆ ಓದಿದೆ. ಸಾಯುವ ಮುಂಚೆ ಅಪ್ಪ ಮಗನಿಂದ ಮಾತು ತೆಗೆದುಕೊಂಡಿದ್ದಾನೆ, ಮಲತಾಯಿಯನ್ನೂ ಮೂವರು ತಂಗಿಯರನ್ನೂ ನೋಡಿಕೊಳ್ಳಬೇಕು ಅಂತ. ತಲಾ ಸಾವಿರ ಪೌಂಡ್ ಕೊಡೋಣ ಅಂತ ಮಗನ ಲೆಕ್ಕ. ಹೆಂಡತಿ ಫ್ಯಾನಿ ಬಿಡಬೇಕಲ್ಲ! ಸಾವಿರ ಐನೂರಾಗುತ್ತದೆ. ಆಮೇಲೆ ಮಲತಾಯಿಗೆ ವರ್ಷಕ್ಕೆ ನೂರು ಕೊಟ್ಟರೆ ಸಾಕಲ್ವಾ ಅನ್ನುವ ಮಾತು. ವರ್ಷಾಶನ ಗೊತ್ತಾದವರು ಸಾಯುವುದೇ ಇಲ್ಲ ಅಂತ ಅದಕ್ಕೂ ಅವಳ ತಕರಾರು. ಕೊನೆಗೆ ಸಾಮಾನು ಸಾಗಿಸಲು ಒಂದಿಷ್ಟು ಸಹಾಯ, ಆಗಾಗ ಮೀನು ಕಳಿಸುವುದು, ಇಷ್ಟಕ್ಕೆ ಬಂದು ನಿಲ್ಲುತ್ತದೆ. ಯಾರೂ ದನಿ ಎತ್ತುವುದಿಲ್ಲ. ಪಾಲು ತಪ್ಪಿಸುವುದನ್ನು ಇಷ್ಟು ಚೆನ್ನಾಗಿ ಬರೆದದ್ದು ನಾನಂತೂ ಬೇರೆಲ್ಲೂ ಓದಿಲ್ಲ.

ಚಾಟನ್ ಮನೆಯದ್ದೂ ಆಸ್ತಿಯ ಕಥೆಯೇ. 1805ರಲ್ಲಿ ಅಪ್ಪ ತೀರಿಕೊಂಡ ಮೇಲೆ ಜೇನ್, ಅಕ್ಕ ಕಸಾಂಡ್ರಾ, ಅಮ್ಮ ಅಲ್ಲಿ ಇಲ್ಲಿ ದಿನ ದೂಡಿದರು. ಅಣ್ಣ ಎಡ್ವರ್ಡ್‌ನನ್ನು ಮಕ್ಕಳಿಲ್ಲದ ನೈಟ್ ದಂಪತಿ ದತ್ತು ತೆಗೆದುಕೊಂಡಿದ್ದರು. ಕೆಂಟ್‌ನ ಗಾಡ್ಮರ್‌ಷಮ್, ಇಲ್ಲಿನ ಚಾಟನ್, ಎರಡು ಎಸ್ಟೇಟೂ ಅವನಿಗೆ ಬಂದವು. ಎಸ್ಟೇಟಿನ ಮೇಲ್ವಿಚಾರಕನಿದ್ದ ಮನೆಯನ್ನು ಅವನು ಅಮ್ಮನಿಗೂ ತಂಗಿಯರಿಗೂ ಬಿಟ್ಟುಕೊಟ್ಟ.

ಊಟದ ಕೋಣೆಯಲ್ಲಿ ಜೇನ್ ಬರೆಯುತ್ತಿದ್ದ ಮೇಜು ಇದೆ. ಹನ್ನೆರಡು ಮೂಲೆಯ ಪುಟ್ಟ ವಾಲ್‌ನಟ್ ಹಲಗೆ, ಕೆಳಗೆ ಒಂದೇ ಕಂಬ. ಒಂದು ಊಟದ ತಟ್ಟೆ, ಪಕ್ಕಕ್ಕೊಂದು ಲೋಟ ಇಟ್ಟರೆ ಜಾಗ ಮುಗಿಯಿತು. 1811ರಲ್ಲಿ 'ಸೆನ್ಸ್ ಅಂಡ್ ಸೆನ್ಸಿಬಿಲಿಟಿ' ಅಚ್ಚಾದಾಗ ಆಕೆಯ ಹೆಸರಿರಲಿಲ್ಲ, 'ಒಬ್ಬ ಮಹಿಳೆ ಬರೆದದ್ದು' ಅಂತಷ್ಟೇ. ಮೊದಲ ಮುದ್ರಣದಿಂದ ಆಕೆಗೆ ಸಿಕ್ಕಿದ್ದು 140 ಪೌಂಡ್. ಕಾದಂಬರಿಯ ಅಣ್ಣ ಉಳಿಸಿಕೊಂಡದ್ದು 3000!

ಅದೇ ರಸ್ತೆಯಲ್ಲಿ ಸುಮ್ನೆ ಹತ್ತು ನಿಮಿಷ ನಡೆದರೆ ಅಣ್ಣನ ಬಂಗಲೆ, ಚಾಟನ್ ಹೌಸ್. ಈಗ ಅಲ್ಲಿ ಹಳೆಯ ಕಾಲದ ಲೇಖಕಿಯರ ಪುಸ್ತಕಗಳ ಗ್ರಂಥಾಲಯವಿದೆ. ಮ್ಯೂಸಿಯಂ ನೋಡಿ ಹಾಗೇ ವಾಪಸ್ ಹೋಗಬೇಡಿ. ಒಂದೇ ಹೊಟ್ಟೆಯಲ್ಲಿ ಹುಟ್ಟಿದ ಅಣ್ಣ ತಂಗಿಯರ ನಡುವಿನ ಅಂತರ ಕಾಲಿಗೆ ಗೊತ್ತಾಗುವುದು ಈ ದಾರಿಯಲ್ಲೇ.

ಅಣ್ಣನಿಗೂ ನೆಮ್ಮದಿ ಇರಲಿಲ್ಲ ಅನ್ನಿ. 1814ರಲ್ಲಿ ಇನ್ನೊಂದು ಕುಟುಂಬ ಚಾಟನ್ ಆಸ್ತಿ ತಮ್ಮದು ಅಂತ ದಾವೆ ಹೂಡಿತು. ಅವರು ಗೆದ್ದಿದ್ದರೆ ಹೆಂಗಸರಿದ್ದ ಮನೆಯೂ ಕೈತಪ್ಪುತ್ತಿತ್ತು. 1818ರಲ್ಲಿ ಎಡ್ವರ್ಡ್ 15,000 ಪೌಂಡ್ ಕೊಟ್ಟು ರಾಜಿ ಮಾಡಿಕೊಂಡ. ಜೇನ್ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಅಮ್ಮ ಮತ್ತು ಕಸಾಂಡ್ರಾ ಮಾತ್ರ ಆ ಮನೆ ಬಿಡಬೇಕಾಗಲಿಲ್ಲ.