ಪ್ರೆಸ್ ಕಾಕಾ, ಸಿವಿಲ್ ಹುಡುಗ ಮತ್ತ ‘ನಮ್ಮ ಫೀಲ್ಡ್’

ನಮ್ಮದು ಹುಬ್ಬಳ್ಳಿ ಗೋಕುಲ ರೋಡ್ ಕಡೆ ಒಂದು ಸಣ್ಣ ಸಾಫ್ಟ್‌ವೇರ್ ಕಂಪನಿ. ಪತ್ತಿನ ಸಹಕಾರಿ ಸಂಘ ಅಂದ್ರ ನಮ್ಮ ಕಡೆ ಎಲ್ಲಾರೂ ಸೊಸೈಟಿ ಅಂತಾರಲ್ಲಾ, ಅವಕ್ಕ ಪಿಗ್ಮಿ, ಸಾಲ, ಪಾಸ್‌ಬುಕ್ಕು, ಬಡ್ಡಿ ಲೆಕ್ಕ ಎಲ್ಲಾ ನೋಡ್ಕೊಳ್ಳೋ ಸಾಫ್ಟ್‌ವೇರ್ ಮಾಡ್ತೀವಿ. ಗದಗ ಹತ್ರ ಕಣಗಿನಹಾಳದಾಗ 1905ರಾಗನ, ಏಷ್ಯಾದಾಗ ಮೊದಲನೇದು ಅಂತ ಹೇಳೋ ಸಹಕಾರಿ ಸಂಘ ಚಾಲೂ ಆದ ಸೀಮಿ ಇದು, ಹಿಂಗಾಗಿ ಸೊಸೈಟಿಗೇನೂ ಬರ ಇಲ್ಲ, ನಮ್ಮ ಹೊಟ್ಟಿಗೂ ಇಲ್ಲ.

ಈ ಆಫೀಸ್‌ನಾಗ ಚಾ ಟೈಮಿಗೆ ಒಂದು ವಾದ ಮುಗಿಯೂದಾ ಇಲ್ಲ. ಬ್ಯಾರೆ ಕೆಲಸ ಮಾಡ್ಕೊಂಡಿದ್ದೋರು, ಅಂದ್ರ ಮಾಸ್ತರಕಿ ಬಿಟ್ಟೋರು, ಅಕೌಂಟ್ಸ್ ಬಿಟ್ಟೋರು, ಮೆಡಿಕಲ್ ರೆಪ್ ಇದ್ದೋರು ಆರು ತಿಂಗಳ ಕೋರ್ಸ್ ಮಾಡಿ ಡೆವಲಪರ್ ಆಗಾಕ ಬರ್ತಾರಲ್ಲಾ, ಅವರನ್ನ ತೊಗೋಬೇಕೋ ಬ್ಯಾಡೋ ಅನ್ನೋ ವಾದ. ‘ಬೇಸಿಕ್ಸ್ ಇರೂದಿಲ್ಲ ಮೇಡಂ, ನಮ್ಮ ಫೀಲ್ಡ್ ಹಾಳಾಗ್ತೈತಿ’ ಅಂತ ದನಿ ಏರಿಸಿ ಹೇಳಾಂವ ನಮ್ಮ ಟೀಮಿನ ಒಬ್ಬ ಹುಡುಗ. ಹುಡುಗ ಶಾಣ್ಯಾ ಅದಾನ, ಕೋಡ್ ಚಲೋ ಬರೀತಾನ, ಅದರಾಗ ಎರಡು ಮಾತಿಲ್ಲ. ಆದ್ರ ಅಂವ ಓದಿದ್ದು ಸಿವಿಲ್ ಎಂಜಿನಿಯರಿಂಗ್!

ಇದು ಬರೇ ಅವನೊಬ್ಬನ ಮಾತಲ್ಲ ನೋಡ್ರಿ. ನಮ್ಮ ದೇಶದಾಗ ದೊಡ್ಡ ದೊಡ್ಡ ಐಟಿ ಕಂಪನಿ ಕ್ಯಾಂಪಸ್‌ಗೆ ಬಂದ್ರ ಮೆಕ್ಯಾನಿಕಲ್, ಸಿವಿಲ್, ಕೆಮಿಕಲ್ ಎಲ್ಲಾರನ್ನೂ ಬಳ್ಕೊಂಡು ಹೋಗೂದು ಇವತ್ತಿಂದಲ್ಲ, ಅಲ್ಲಿ ಟ್ರೇನಿಂಗ್ ಕೊಟ್ಟು ಪಗಾರ ಕೊಟ್ಟು ಕೋಡ್ ಕಲಸ್ತಾರ. ನಾನೂ ಓದಿದ್ದು ಎಲೆಕ್ಟ್ರಾನಿಕ್ಸ್. ಕಾಂಕ್ರೀಟ್ ಮಿಕ್ಸ್ ಓದಿದ ಇಪ್ಪತ್ತೆರಡರ ಹುಡುಗ ಕೆಲಸಕ್ಕ ಸೇರಿದ ಮೊದಲನೇ ದಿನ ಡೇಟಾ ಸ್ಟ್ರಕ್ಚರ್, ಅಂದ್ರ ಕಂಪ್ಯೂಟರ್‌ನಾಗ ಮಾಹಿತಿ ಜೋಡಸಿಡೋ ರೀತಿ, ಎಷ್ಟು ಬಲ್ಲ, ಮೂವತ್ತೆಂಟರ ಅಕೌಂಟೆಂಟ್ ಎಷ್ಟು ಬಲ್ಲ? ಹೆಚ್ಚು ಕಡಿಮಿ ಇಬ್ಬರದೂ ಸೊನ್ನಿ. ಆದ್ರ ಒಬ್ಬ ಫ್ರೆಶರ್, ಇನ್ನೊಬ್ಬ ಹೊರಗಿನಾಂವ. ಅಂದ್ರ ನಾವು ನೋಡೂದು ಬೇಸಿಕ್ಸ್ ಅಲ್ಲ, ವಯಸ್ಸು ನೋಡ್ತೀವಿ, ಮತ್ತ ಯಾವ ಗೇಟಿನಿಂದ ಒಳಗ ಬಂದ ಅನ್ನೂದು ನೋಡ್ತೀವಿ. ಇದನ್ನ ಬಾಯಿಬಿಟ್ಟು ಹೇಳಾಕ ಯಾರಿಗೂ ಮನಸಿಲ್ಲ, ಅದಕ್ಕ ಬೇಸಿಕ್ಸ್ ಅಂತೀವಿ.

ಈಗ ಪ್ರೆಸ್ ಕಾಕಾನ ವಿಷಯಕ್ಕ ಬರ್ತೀನಿ. ಹುಡುಗ್ರು ಇಟ್ಟ ಹೆಸರದು, ಅವರಿಗೂ ಬ್ಯಾಸರಿಲ್ಲ. ಗದಗ-ಬೆಟಗೇರಿ ಅಂದ್ರ ಪ್ರಿಂಟಿಂಗ್ ಪ್ರೆಸ್ಸಿಗೆ ಹೆಸರಾದ ಊರು, ಅಲ್ಲಿ ಡಿಟಿಪಿ ಮಾಡ್ಕೊಂಡಿದ್ದೋರು, ಲಗ್ನಪತ್ರಿಕೆ, ಬಿಲ್ ಬುಕ್, ಜಾತ್ರಿ ಪಾಂಪ್ಲೆಟ್, ಸೊಸೈಟಿ ವಾರ್ಷಿಕ ವರದಿ ಎಲ್ಲಾ ಕಂಪೋಸ್ ಮಾಡಿದ ಕೈ. ವಾಟ್ಸಾಪ್ ಬಂದ ಮ್ಯಾಲ ಪತ್ರಿಕೆ ಕೆಲಸ ಇಳೀತು, ರಾತ್ರಿ ಕುಂತು ಪೈಥಾನ್ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಕಲ್ತ್ರು, ನಮ್ಮಲ್ಲಿ ಫ್ರೆಶರ್ ಪಗಾರಕ್ಕ ಸೇರಿದ್ರು.

ಆಗ ನಮಗ ಒಂದು ದೊಡ್ಡ ಸೊಸೈಟಿ ಕೆಲಸ ಸಿಕ್ಕಿತ್ತು. ಅವರ ಹಳೇ ಡೇಟಾ ಎಲ್ಲಾ ನುಡಿ ಫಾಂಟ್‌ನಾಗ, ಅಂದ್ರ ಈಗ ಎಲ್ಲಾ ಕಂಪ್ಯೂಟರ್, ಫೋನಿಗೂ ತಿಳಿಯೋ ಯೂನಿಕೋಡ್ ಅನ್ನೋ ಅಕ್ಷರ ಪದ್ಧತಿ ಅಲ್ಲದ ಹಳೇ ನಮೂನಿ. ಫಾಂಟ್ ತೆಗದ್ರ ಇಂಗ್ಲಿಷ್ ಅಕ್ಷರಕ್ಕ ಟೋಪಿ ಬಾಲ ಹಚ್ಚಿದಂಗ ಕಾಣತಾವ. ಅದನ್ನ ಯೂನಿಕೋಡಿಗೆ ತರಬೇಕು. ಸಿವಿಲ್ ಹುಡುಗ ಕನ್ವರ್ಟರ್ ಬರದ, ಈ ಚಿಹ್ನಿಗೆ ಈ ಅಕ್ಷರ ಅಂತ ಒಂದು ಪಟ್ಟಿ, ಸಾಲಾಗಿ ಬದಲಿ ಮಾಡ್ಕೋತ ಹೋಗೂದು. ಟೆಸ್ಟ್‌ನೂ ಬರದಿದ್ದ, ಬಸವರಾಜ, ಮಂಜುನಾಥ, ಶಿವಾನಂದ, ಎಲ್ಲಾ ಪಾಸ್. ಕಾಕಾ ಕೋಡ್ ತೆಗದು ನೋಡಲೇ ಇಲ್ಲ, ಸದಸ್ಯರ ಪಟ್ಟಿ ಪ್ರಿಂಟ್ ತೊಗೊಂಡು ಕೆಂಪು ಪೆನ್ ಹಿಡ್ಕೊಂಡು ಪ್ರೂಫ್ ನೋಡಿದಂಗ ಕುಂತ್ರು, ಮೊದಲನೇ ಪುಟದಾಗನ ‘ಮೇಡಂ, ಅರ್ಕಾವೊತ್ತು ಎಲ್ಲಾ ಹೋಗ್ಯಾವ್ರಿ’ ಅಂದ್ರು. ಅರ್ಕಾವೊತ್ತು ಅಂದ್ರ ‘ಪಾರ್ವತಿ’ ಅನ್ನೂದ್ರಾಗ ಬರೋ ರಕಾರದ ಗುರುತು. ಪಾರ್ವತೆವ್ವ ಇದ್ದಾಕಿ ಪಾವರ್ತೆವ್ವ ಆಗಿದ್ಲು. ಇಂಟರ್ನೆಟ್‌ನಾಗ ಎಷ್ಟೋ ಕಡೆ ‘ಕನಾರ್ಟಕ’ ಅಂತ ನೀವೂ ನೋಡಿರಬೇಕು, ಅದಾ ರೋಗ. ಹಳೇ ಫಾಂಟ್‌ನಾಗ ಅರ್ಕಾವೊತ್ತನ್ನ ಅಕ್ಷರ ಆದ ಮ್ಯಾಲ ಇಡ್ತಾರ, ಕಣ್ಣಿಗೆ ಕಾಣೋ ಕ್ರಮದಾಗ. ಯೂನಿಕೋಡ್‌ನಾಗ ಉಚ್ಚಾರದ ಕ್ರಮ, ರಕಾರ ಮತ್ತ ಹಲಂತ (ಅಕ್ಷರದ ಸ್ವರ ತೆಗಿಯೋ ಗುರುತು) ಮೊದಲು ಬರಬೇಕು. ಅಂದ್ರ ಬರೇ ಅಕ್ಷರ ಬದಲಿ ಮಾಡಿದ್ರ ಸಾಲಂಗಿಲ್ಲ, ಹಿಂದಿನ ಪೂರಾ ಅಕ್ಷರ, ಅದರ ಒತ್ತು ಕಾಗುಣಿತ ಎಲ್ಲಾ ದಾಟಿ ಹಿಂದ ಹೋಗಿ ಕೂಡಸ್ಬೇಕು. ಸದಸ್ಯರ ಹೆಸರು ಹಂಗಾ ತಪ್ಪಾಗಿ ಹೋಗಿದ್ರ ಸಾಲದ ಕಾಗದದಾಗ ಒಂದು, ಆಧಾರ್‌ನಾಗ ಒಂದು ಆಗಿ ಆ ಅಜ್ಜಿ ಎಷ್ಟು ಸಲ ಬ್ಯಾಂಕಿಗೆ ಓಡಾಡ್ಬೇಕಾಗ್ತಿತ್ತೋ.

ಸೊಸೈಟಿಯಿಂದ ಸದಸ್ಯರಿಗೆ ಹೋಗೋ ಎಸ್ಸೆಮ್ಮೆಸ್ಸಿನ ಕತಿನೂ ಹಿಂಗಾ. ಇಂಗ್ಲಿಷ್‌ನಾಗ ಒಂದು ಎಸ್ಸೆಮ್ಮೆಸ್ಸಿಗೆ 160 ಅಕ್ಷರ ಹಿಡೀತಾವ, ಕನ್ನಡದಾಗ ಬರೇ 70, ಅದೂ ನಮ್ಮ ಕಣ್ಣಿಗೆ ಕಾಣೋ ಅಕ್ಷರದ ಲೆಕ್ಕ ಅಲ್ಲ. ‘ಸ್ತ್ರೀ’ ನಮಗ ಒಂದಾ ಅಕ್ಷರ, ಕಂಪ್ಯೂಟರಿಗೆ ಆರು. ಸ್ತ್ರೀಶಕ್ತಿ ಸಂಘದ ಹೆಸರು ಬಂತಂದ್ರ ಮೆಸೇಜ್ ಎರಡು ತುಂಡಾಗಿ ಎರಡು ಮೆಸೇಜಿನ ರೊಕ್ಕ ಬೀಳತಿತ್ತು. ವಿಸಿಟಿಂಗ್ ಕಾರ್ಡ್‌ನಾಗ ಮೂರು ಫೋನ್ ನಂಬರು, ದೇವರ ಫೋಟೋ, ಎರಡು ವಿಳಾಸ ಹಿಡಿಸಿದ ಮನಿಷಾರಿಗೆ ಇದೇನು ದೊಡ್ಡದು, ‘ನಿಮ್ಮ ಖಾತೆಗೆ ಜಮಾ ಮಾಡಲಾಗಿದೆ’ ಅನ್ನೂದನ್ನ ‘ಜಮಾ’ ಅಂತ ಮಾಡಿ, ಕೂತಲ್ಲೇ ಎಲ್ಲಾ ಮೆಸೇಜ್ ಸಣ್ಣ ಮಾಡಿ ಕೊಟ್ರು.

ಇಷ್ಟು ಹೇಳಿ ನಿಲ್ಲಿಸಿದ್ರ ನಾನೂ ಕೋರ್ಸ್ ಮಾರೋರ ಪೈಕಿ ಆಗ್ತೀನಿ. ಅದಾ ಕಾಕಾ ಮಾರ್ಚ್ ಬಡ್ಡಿ ಲೆಕ್ಕದ ರಿಪೋರ್ಟ್ ಬರದಿದ್ರು, ಸದಸ್ಯರ ಪಟ್ಟಿ ಒಂದು, ಖಾತೆ ಪಟ್ಟಿ ಒಂದು, ಒಬ್ಬೊಬ್ಬ ಸದಸ್ಯಗೂ ಖಾತೆ ಪಟ್ಟಿ ಮೊದಲಿಂದ ಕಡೀತನಕ ಹುಡುಕೋ ಹಂಗ. ಐವತ್ತು ಮಂದಿ ಟೆಸ್ಟ್ ಡೇಟಾಕ್ಕ ಕಣ್ಣು ಮಿಟುಕಿಸೂದ್ರಾಗ ಮುಗೀತು. ನಿಜವಾದ ಸೊಸೈಟಿಯಾಗ ಇಪ್ಪತ್ತು ಸಾವಿರ ಸದಸ್ಯರು, ಇಪ್ಪತ್ತು ಸಾವಿರ ಖಾತೆ, ಗುಣಾಕಾರ ಮಾಡ್ರಿ, 40 ಕೋಟಿ ಸಲ ಹೋಲಿಕಿ. ಡೆಮೋ ಮಾಡೂಮುಂದ ಸ್ಕ್ರೀನ್ ಮ್ಯಾಲ ಚಕ್ರ ತಿರುಗಾಕ ಹತ್ತಿದ್ದು ನಿಲ್ಲಲೇ ಇಲ್ಲ, ಸೊಸೈಟಿ ಸೆಕ್ರೆಟರಿ ಎರಡನೇ ಚಾ ಕುಡದ್ರು. ಸಿವಿಲ್ ಹುಡುಗ ನನ್ನ ಮಾರಿ ನೋಡಿದ, ‘ನಾ ಹೇಳಿದ್ನಿಲ್ಲ’ ಅನ್ನಂಗ. ಅಂವ ಹೇಳಿದ್ದು ಖರೇನಾ ಇತ್ತು, ಇದು ಬೇಸಿಕ್ಸ್, ಇದಿಲ್ಲದ ನಡಿಯಂಗಿಲ್ಲ.

ಆದ್ರ ಅದನ್ನ ಕಲಸಾಕ ಎಷ್ಟೊತ್ತು ಬೇಕಾತು? ಟೀಮಿನ್ಯಾಗ ಸಿಎಸ್, ಅಂದ್ರ ಕಂಪ್ಯೂಟರ್ ಸೈನ್ಸ್, ಓದಿದ ಹುಡುಗಿ ಒಬ್ಬಾಕಿ ಅದಾಳ, ಅಕಿ ಕಾಕಾನ ಪಕ್ಕದಾಗ ಕುರ್ಚಿ ಎಳಕೊಂಡು, ‘ಕಾಕಾ, ಖತಾವಣಿ ಪುಸ್ತಕದ ಮುಂದ ಹೆಸರಿನ ಇಂಡೆಕ್ಸ್ ಇರತೈತಲ್ರಿ, ಯಾರರ ಬಂದು ಖಾತೆ ಕೇಳಿದ್ರ ಪೂರಾ ಪುಸ್ತಕ ತಿರುವ್ತಾರೇನ್ರಿ’ ಅಂತ ಕೇಳಿದ್ಲು. ಹೆಸರು ಕೊಟ್ರ ಸೀದಾ ಅದರ ಮಾಹಿತಿ ತೆಗದು ಕೊಡೋ ಡಿಕ್ಷನರಿ ಅನ್ನೋದು ಪೈಥಾನ್‌ನಾಗ ಯಾಕ ಐತಿ ಅಂತ ಅವರಿಗೆ ಅವತ್ತಾ ಹೊಳೀತು. ಸಂಜಿಗೆ ರಿಪೋರ್ಟ್ ಸೆಕೆಂಡಿನ್ಯಾಗ ಬರ್ತಿತ್ತು. ಇಲ್ಲಿ ಅಕಿಗೆ ಸಲ್ಲಬೇಕಾದ್ದು ಅಕಿಗೆ ಸಲ್ಲಬೇಕು, ಡಿಗ್ರಿ ಓದಿದ್ದು ಅಕಿಗೆ ಉಪಯೋಗಾತು, ಅಕಿಯಿಂದ ಕಾಕಾಗೂ ಉಪಯೋಗಾತು. ಆದ್ರ ಅಕಿ ಎಷ್ಟಾ ಓದಿದ್ರೂ ಪಾವರ್ತೆವ್ವನ್ನ ಹಿಡೀತಿದ್ದಿಲ್ಲ, ಅದನ್ನ ಕಲಸೋ ಕೋರ್ಸ್ ಎಲ್ಲೂ ಇಲ್ಲ.

ಈ ವಾದದಾಗ ಇನ್ನೊಂದು ಕಡೆಯವರೂ ಸಲೀಸಾಗಿ ಮಾತಾಡ್ತಾರ. ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆ ಮಾಡಿದ ಡೆನ್ನಿಸ್ ರಿಚಿ ಫಿಸಿಕ್ಸ್ ಓದಿದ್ದು, ಅಪೊಲೊ ಸಾಫ್ಟ್‌ವೇರ್ ಟೀಮ್ ನಡಸಿದ ಮಾರ್ಗರೆಟ್ ಹ್ಯಾಮಿಲ್ಟನ್ ಗಣಿತ ಓದಿದ್ದು, ಡೈಕ್‌ಸ್ಟ್ರಾ ಅನ್ನೋ ಕಂಪ್ಯೂಟರ್ ವಿಜ್ಞಾನಿ 1957ರಾಗ ಲಗ್ನ ನೋಂದಣಿ ಮುಂದ ವೃತ್ತಿ ಪ್ರೋಗ್ರಾಮರ್ ಅಂತ ಬರಸಾಕ ಹೋದ್ರ ಆಮ್‌ಸ್ಟರ್‌ಡ್ಯಾಮ್‌ನೋರು ಅಂಥಾ ವೃತ್ತಿನಾ ಇಲ್ಲ ಅಂದ್ರು, ಹಿಂಗಾಗಿ ಯಾರು ಬೇಕಾದ್ರೂ ಬರಬಹುದು ಅಂತ. ಮಾತು ಖರೆ, ಆದ್ರ ಅವಾಗ ಓದಬೇಕಂದ್ರೂ ಸಿಎಸ್ ಡಿಗ್ರಿ ಎಲ್ಲಿತ್ರಿ, ಅಮೆರಿಕಾದಾಗ ಪರ್ಡ್ಯೂ ವಿಶ್ವವಿದ್ಯಾಲಯದಾಗ ಮೊದಲನೇ ಡಿಪಾರ್ಟ್‌ಮೆಂಟ್ ಆಗಿದ್ದಾ 1962ರಾಗ. ಮತ್ತ ಅವರು ಗಣಿತದಾಗ ಫಿಸಿಕ್ಸ್‌ನಾಗ ಪಳಗಿದ ಮಂದಿ. ಮೂರು ತಿಂಗಳದಾಗ ಫುಲ್ ಸ್ಟ್ಯಾಕ್ ಡೆವಲಪರ್ ಮಾಡ್ತೀವಿ ಅಂತ ಬೋರ್ಡ್ ಹಾಕಿ, ಮ್ಯಾಲ ಸುಳ್ಳು ಎಕ್ಸ್‌ಪೀರಿಯನ್ಸ್ ಲೆಟರ್ ಕೊಟ್ಟು ಕಳಸೋರು ಇವರ ಹೆಸರು ಹೇಳಿದ್ರ ನಂಗ ಸಿಟ್ಟು ಬರ್ತೈತಿ. ಅಂಥಾ ಒಂದು ಲೆಟರ್ ಸಿಕ್ಕಿತಂದ್ರ ಮುಂದಿನ ಹತ್ತು ಮಂದಿ ಪ್ರಾಮಾಣಿಕರ ಮ್ಯಾಲೂ ಸಂಶಯ ಬರ್ತೈತಿ, ಪೆಟ್ಟು ಬೀಳೂದು ಕಾಕಾನಂಥೋರಿಗೇ.

ನಾನೀಗ ಇಂಟರ್ವ್ಯೂದಾಗ ಬ್ರಾಂಚ್ ಕೇಳೂದು ಬಿಟ್ಟೀನಿ. ಮನಿಯಿಂದ ಮಾಡ್ಕೊಂಡು ಬರ್ರಿ ಅಂತ ಅಸೈನ್‌ಮೆಂಟ್ ಕೊಡೂದನ್ನೂ ಬಿಟ್ಟೆ, ಚಾಟ್‌ಜಿಪಿಟಿ ಎಲ್ಲಾರಿಗಿಂತ ಚಂದ ಮಾಡಿ ಕಳಸ್ತೈತಿ. ನಮ್ಮ ಸಾಫ್ಟ್‌ವೇರಿನ ಒಂದು ಕೆಟ್ಟ ರಿಪೋರ್ಟ್ ಮುಂದಿಟ್ಟು ಜೊತಿಗೆ ಕುಂದರ್ತೀನಿ. ಏನೂ ತಿಳೀಲಿಲ್ಲ ಅಂದ್ರ ಅಡ್ಡಿ ಇಲ್ಲ, ಎಲ್ಲಿತನಕ ತಿಳೀತು, ಎಲ್ಲಿಂದ ತಿಳೀಲಿಲ್ಲ ಅಂತ ಬೊಟ್ಟಿಟ್ಟು ತೋರ್ಸಾಕ ಬರಬೇಕು. ಮೊನ್ನೆ ಸಿಎಸ್ ಹುಡುಗ ಒಬ್ಬ ಇದರಾಗ ಬಿದ್ದ, ಎಲ್ಲಾ ಗೊತ್ತೈತಿ ಅಂತ ಕುಂತ. ಒಬ್ಬರು ಮಾಸ್ತರು ಬಂದಿದ್ರು, ಅವರೂ ಬಿದ್ರು.

ಸಿವಿಲ್ ಹುಡುಗ ತನ್ನ ವಾದ ಬಿಟ್ಟಿಲ್ಲ. ಆದ್ರ ಕನ್ನಡ ಬರೋ ಯಾವ ಕೋಡ್ ಇದ್ರೂ ಟೆಸ್ಟ್ ಹೆಸರು ಕಾಕಾನ ಕಡೆನಾ ಕೇಳ್ತಾನ, ಅವರು ವರ್ಧಮಾನ, ಆರ್ಯಾ, ಧರ್ಮಣ್ಣ ಅಂತ ಬೇಕಂತಾ ತೊಡಕಿನ ಹೆಸರಾ ಬರದು ಕೊಡ್ತಾರ.

ಬಗೆಹರೀದಾ ಉಳಿದಿರೂದು ಪಗಾರ. ಪಗಾರ ನಿಗದಿ ಮಾಡೋ ಶೀಟ್‌ನಾಗ ‘ಸಂಬಂಧಪಟ್ಟ ಅನುಭವ’ ಅಂತ ಒಂದು ಕಾಲಂ ಐತಿ, ಅದರಾಗ ಕಾಕಾನ ಮುಂದ ಇವತ್ತಿಗೂ ಸೊನ್ನಿ ಐತಿ. ಪ್ರೆಸ್ಸಿನ ಕೆಲಸ ಹೆಂಗ ಸಂಬಂಧಪಟ್ಟದ್ದಾಗ್ತೈತಿ ಅಂತ ನಮ್ಮ ಸಾಹೇಬ್ರು ಕೇಳಿದ್ರು. ಕನ್ವರ್ಟರ್ ಕತಿ, ಎಸ್ಸೆಮ್ಮೆಸ್ ಬಿಲ್ ಎರಡನ್ನೂ ಅವರ ಟೇಬಲ್ ಮ್ಯಾಲ ಇಟ್ಟು ಬಂದೆ. ‘ನೋಡೂಣಂತ’ ಅಂದಾರ. ಏಪ್ರಿಲ್‌ದಾಗ ಅಪ್ರೈಸಲ್ ಐತಿ, ಅವಾಗ ಮತ್ತ ಹೋಗಿ ಕೇಳಾಕಿ ಅದೀನಿ.